ಒಂದು ಚಿತ್ರ, ಎರಡು ಧ್ವನಿ: ದೃಶ್ಯವಿತರಣೆಯ ಚರಿತ್ರೆ ಮತ್ತು ಗಡಿನಾಡಿನ ಕನ್ನಡ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಎಟಿಎಸ್-6 ಎಂಬ ಅಮೆರಿಕದ ಉಪಗ್ರಹವು ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ನೇರವಾಗಿ ತಲುಪಿಸಿತು. ಸೈಟ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಪ್ರಯೋಗದ ಭಾಷೆಗಳು ನಾಲ್ಕು: ಹಿಂದಿ, ಒಡಿಯಾ, ತೆಲುಗು ಮತ್ತು ಕನ್ನಡ. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ, ಅಂದಿನ ಆಂಧ್ರಪ್ರದೇಶದಲ್ಲಿ ಕರ್ನೂಲು, ಮಹಬೂಬ್‌ನಗರ, ಮೇದಕ್, ಹೈದರಾಬಾದ್ ಜಿಲ್ಲೆಗಳೂ ಇದರ ವ್ಯಾಪ್ತಿಗೆ ಬಂದವು. ಈ ಜಿಲ್ಲೆಗಳ ಪಟ್ಟಿಯನ್ನು ಭೂಪಟದ ಮೇಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕನ್ನಡ ಮತ್ತು ತೆಲುಗು ಒಂದೇ ಸಂತೆಯಲ್ಲಿ, ಒಂದೇ ಮನೆಯಲ್ಲಿ ಬೆರೆತು ಬಂದಿರುವ ಸೀಮೆಯನ್ನೇ ಈ ಪ್ರಯೋಗ ಎರಡು ಕಡೆಗಳಿಂದ ಆವರಿಸಿತ್ತು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟ ಆದವಾನಿ ಆಗ ಕರ್ನೂಲು ಜಿಲ್ಲೆಯಲ್ಲಿತ್ತು. ನಾರಾಯಣಪೇಟೆ, ಮಕ್ತಲ್ ಪ್ರದೇಶ ಮಹಬೂಬ್‌ನಗರ ಜಿಲ್ಲೆಯಲ್ಲಿತ್ತು.

ಎಟಿಎಸ್-6ರ ಪ್ರಸಾರದಲ್ಲಿ ಒಂದು ದೃಶ್ಯವಾಹಿನಿಯೊಡನೆ ಎರಡು ಧ್ವನಿವಾಹಿನಿಗಳಿದ್ದವು. ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಧ್ವನಿಯನ್ನು ಏಕಕಾಲದಲ್ಲಿ ಕಳುಹಿಸುವ ಸಾಧ್ಯತೆ ಯಂತ್ರದಲ್ಲಿಯೇ ಅಡಗಿತ್ತು. ಇಂದಿನ ಸ್ಟ್ರೀಮಿಂಗ್ ವೇದಿಕೆಯಲ್ಲಿ ನೋಡುಗನು ಧ್ವನಿಯ ಭಾಷೆಯನ್ನು ತಾನೇ ಆರಿಸಿಕೊಳ್ಳುವ ಸೌಲಭ್ಯದ ಪೂರ್ವರೂಪ ಇದೇ ಎನ್ನಲು ಅಡ್ಡಿಯಿಲ್ಲ. ಆದರೆ ಆಗ ಆಯ್ಕೆ ನೋಡುಗನ ಕೈಯಲ್ಲಿರಲಿಲ್ಲ. ಹಳ್ಳಿಗೊಂದು ಸಮುದಾಯದ ಪೆಟ್ಟಿಗೆ, ಆ ಪೆಟ್ಟಿಗೆಗೊಂದು ಭಾಷೆ. ಯಾವ ಭಾಷೆ ಎಂಬುದನ್ನು ನಿರ್ಧರಿಸಿದ್ದು ಹಳ್ಳಿ ಯಾವ ರಾಜ್ಯದಲ್ಲಿದೆ ಎಂಬ ಸಂಗತಿ. ಕಾರ್ಯಕ್ರಮ ತಯಾರಿಕೆಯ ಕೇಂದ್ರಗಳು ದೆಹಲಿ, ಕಟಕ್, ಹೈದರಾಬಾದುಗಳಲ್ಲಿದ್ದವು. ಅವುಗಳಲ್ಲಿ ಒಂದೂ ಕರ್ನಾಟಕದೊಳಗೆ ಇರಲಿಲ್ಲ.

ಈ ಲೇಖನದ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಚಲಿಸುವ ಚಿತ್ರವನ್ನು ಕುಗ್ಗಿಸುವ, ಸಾಗಿಸುವ, ಪಟ್ಟಿಮಾಡುವ ವಿಧಾನಗಳು ಕಳೆದ ಅರ್ಧ ಶತಮಾನದಲ್ಲಿ ಅಪಾರವಾಗಿ ಬದಲಾದವು. ಆ ಬದಲಾವಣೆಯ ಒಂದೊಂದು ಹಂತದಲ್ಲಿಯೂ ರಾಜ್ಯದ ಗಡಿಯಾಚೆಗಿನ ಕನ್ನಡಿಗನಿಗೆ ದೊರೆತದ್ದೇನು, ತಪ್ಪಿದ್ದೇನು? ತಂತ್ರಜ್ಞಾನದ ಚರಿತ್ರೆಯನ್ನು ಸಾಮಾನ್ಯವಾಗಿ ವೇಗದ ಮತ್ತು ಪ್ರಮಾಣದ ಚರಿತ್ರೆಯಾಗಿ ಬರೆಯುತ್ತಾರೆ. ಅದನ್ನು ಭಾಷೆಯ ದೃಷ್ಟಿಯಿಂದ ಓದುವುದು ಇಲ್ಲಿಯ ಪ್ರಯತ್ನ.

1. ಗೋಪುರ, ಉಪಗ್ರಹ, ಕೇಬಲ್ಲು

ಸೈಟ್ ಮುಗಿದ ಮೇಲೆ ದೂರದರ್ಶನ ಬೆಳೆದದ್ದು ಭೂಪ್ರಸಾರದ ಗೋಪುರಗಳ ಮೂಲಕ. ಬೆಂಗಳೂರು ಕೇಂದ್ರ 1981ರಲ್ಲಿ ಆರಂಭವಾಯಿತು. ಗೋಪುರವು ತಾನು ನಿಂತ ರಾಜ್ಯದ ಭಾಷೆಯನ್ನು ಬಿತ್ತರಿಸುವುದು ಸಹಜವೆಂದೇ ಎಲ್ಲರೂ ಭಾವಿಸಿದ್ದ ಕಾಲವದು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಾಗಲಿ, ಮಹಾರಾಷ್ಟ್ರದಲ್ಲಿ ಉಳಿದ ಅಕ್ಕಲಕೋಟೆ, ಜತ್ತಗಳಲ್ಲಾಗಲಿ ಕನ್ನಡದ ಚಿತ್ರ ಕಾಣಿಸಬೇಕಾದರೆ ಆಚೆಯ ಗೋಪುರದ ಅಲೆ ಗಡಿ ದಾಟಿ ಬರಬೇಕಿತ್ತು. ಅಲೆಗೆ ಗಡಿಯ ಅರಿವಿಲ್ಲವೆಂಬುದು ನಿಜವೇ. ಆದರೆ ಅದಕ್ಕೆ ದೂರದ ಮಿತಿಯಿತ್ತು, ನಡುವೆ ಗುಡ್ಡಗಳಿದ್ದವು.

1990ರ ದಶಕದ ಉಪಗ್ರಹ ವಾಹಿನಿಗಳು ಈ ಮಿತಿಯನ್ನು ಸಡಿಲಿಸಿದವು. 1994ರಲ್ಲಿ ಆರಂಭವಾದ ಉದಯ ಟಿವಿಯ ಸಂಕೇತ ಬೆಂಗಳೂರಿನ ಮೇಲೆ ಬಿದ್ದಷ್ಟೇ ಸ್ಪಷ್ಟವಾಗಿ ಸೊಲ್ಲಾಪುರದ ಮೇಲೆಯೂ ತಾಳವಾಡಿಯ ಮೇಲೆಯೂ ಬೀಳುತ್ತಿತ್ತು. ಆದರೆ ಆಕಾಶದಿಂದ ಬಂದದ್ದು ಮನೆಗೆ ಇಳಿಯುವುದು ಕೇಬಲ್ ನಡೆಸುವವನ ಮೂಲಕ. ಅವನ ಬಳಿ ಇರುವ ವಾಹಿನಿಗಳ ಸ್ಥಾನಗಳು ಸೀಮಿತ. ಬಹುಸಂಖ್ಯಾತ ಗಿರಾಕಿಗಳ ಭಾಷೆಗೆ ಮೊದಲ ಸ್ಥಾನ. ಹೀಗೆ ಗೋಪುರದ ಕಾಲದಲ್ಲಿ ರಾಜ್ಯವು ಮಾಡುತ್ತಿದ್ದ ಆಯ್ಕೆಯನ್ನು ಕೇಬಲ್ಲಿನ ಕಾಲದಲ್ಲಿ ಮಾರುಕಟ್ಟೆಯು ಮಾಡತೊಡಗಿತು.

2. ಕುಗ್ಗಿಸುವ ವಿದ್ಯೆ ಮತ್ತು ಬೆಂಗಳೂರಿನ ಒಬ್ಬ ಎಂಜಿನಿಯರ್

ಆಯ್ಕೆ ನೋಡುಗನ ಕೈಗೆ ಬರಬೇಕಾದರೆ ಒಬ್ಬೊಬ್ಬನಿಗೂ ಬೇರೆಬೇರೆ ಚಿತ್ರವನ್ನು ಕಳುಹಿಸಬೇಕು. ಇದಕ್ಕೆ ದೊಡ್ಡ ತಡೆಯೆಂದರೆ ಚಿತ್ರದ ಗಾತ್ರ. ಇಂದು ಸಾಮಾನ್ಯವಾಗಿರುವ 1920 ಅಡ್ಡ ಹಾಗೂ 1080 ಉದ್ದ ಬಿಂದುಗಳ ಚಿತ್ರವನ್ನು ಸೆಕೆಂಡಿಗೆ 25ರಂತೆ, ಬಿಂದುವೊಂದಕ್ಕೆ ಸರಾಸರಿ 12 ಬಿಟ್ ಹಿಡಿದು ಲೆಕ್ಕ ಹಾಕಿದರೆ, ಸೆಕೆಂಡಿಗೆ 62 ಕೋಟಿ ಬಿಟ್‌ಗಳಿಗೂ ಮಿಗಿಲಾಗುತ್ತದೆ. ಅದೇ ಚಿತ್ರ ಇಂದು 50 ಲಕ್ಷ ಬಿಟ್‌ಗಳ ಆಸುಪಾಸಿನಲ್ಲಿ ಮನೆಗೆ ಬರುತ್ತದೆ. ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಗೆ ಕುಗ್ಗಿಸಿಯೂ ಕಣ್ಣಿಗೆ ಕೊರತೆ ಕಾಣದಂತೆ ಮಾಡುವ ವಿದ್ಯೆಯಿಲ್ಲದೆ ಸ್ಟ್ರೀಮಿಂಗ್ ಎಂಬುದೇ ಇಲ್ಲ.

ಈ ವಿದ್ಯೆಯ ಅಡಿಗಲ್ಲುಗಳಲ್ಲೊಂದನ್ನು ಇಟ್ಟವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್. ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು, ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಮುಗಿಸಿದ ಅವರು ಮುಂದೆ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಕೊಸೈನ್ ಅಲೆಗಳ ಆಧಾರದ ಮೇಲೆ ಚಿತ್ರದ ದತ್ತಾಂಶವನ್ನು ರೂಪಾಂತರಿಸುವ ವಿಧಾನವೊಂದನ್ನು ಅಧ್ಯಯನ ಮಾಡಲು 1972ರಲ್ಲಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಸಲ್ಲಿಸಿದ ಪ್ರಸ್ತಾವಕ್ಕೆ ಹಣ ದೊರೆಯಲಿಲ್ಲ. ಕಲ್ಪನೆ ತೀರ ಸರಳವಾಯಿತೆಂಬ ಅಭಿಪ್ರಾಯ ವಿಮರ್ಶಕರಿಂದ ಬಂದಿತ್ತೆಂದು ಅವರೇ ಮುಂದೆ ಬರೆದಿದ್ದಾರೆ. ಆದರೂ ಬೇಸಿಗೆಯ ರಜೆಯಲ್ಲಿ ಸಂಬಳವಿಲ್ಲದೆ ಆ ಕೆಲಸವನ್ನು ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಕೇವಲ ನಾಲ್ಕು ಪುಟಗಳ ಪ್ರಬಂಧವನ್ನು ಪ್ರಕಟಿಸಿದರು.

ಅದರ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು. ಚಿತ್ರವನ್ನು ಎಂಟಕ್ಕೆ ಎಂಟರ ಚಿಕ್ಕಚಿಕ್ಕ ಚೌಕಗಳಾಗಿ ಒಡೆದು, ಒಂದೊಂದು ಚೌಕವನ್ನೂ ನಿಧಾನವಾಗಿ ಮತ್ತು ಬೇಗಬೇಗ ಏರಿಳಿಯುವ ಅಲೆಗಳ ಮೊತ್ತವಾಗಿ ಬರೆದರೆ, ಹೆಚ್ಚಿನ ಸಾರವೆಲ್ಲ ಕೆಲವೇ ಸಂಖ್ಯೆಗಳಲ್ಲಿ ಬಂದು ನೆಲೆಸುತ್ತದೆ. ಉಳಿದವುಗಳನ್ನು ಒರಟಾಗಿ ಬರೆದರೂ, ಬಿಟ್ಟರೂ ಕಣ್ಣು ಗಮನಿಸುವುದಿಲ್ಲ. 1992ರ ಜೆಪೆಗ್, 1993ರ ಎಂಪೆಗ್-1 ಇದೇ ರೂಪಾಂತರವನ್ನು ಬಳಸಿದವು, 2003ರ ಎಚ್.264 ಅದಕ್ಕೆ ಸಮೀಪವಾದ, ಪೂರ್ಣಾಂಕಗಳಲ್ಲಿ ನಡೆಯುವ ರೂಪವೊಂದನ್ನು ಬಳಸಿತು. ಮುಂದಿನ ಚೌಕಟ್ಟಿನಲ್ಲಿ ಬದಲಾದದ್ದನ್ನು ಮಾತ್ರ ಕಳುಹಿಸುವ ಚಲನೆಯ ಊಹೆಯೂ ಜೊತೆಗೂಡಿದಾಗ ಚಿತ್ರ ದೂರವಾಣಿಯ ತಂತಿಯಲ್ಲಿಯೂ ಹರಿಯುವಷ್ಟು ಹಗುರವಾಯಿತು.

ಇಲ್ಲಿ ಗಮನಿಸಬೇಕಾದದ್ದು, ಈ ಹಂತಕ್ಕೆ ಭಾಷೆಯ ಭೇದವಿಲ್ಲ. ಕುಂಬಳೆಯ ಯಕ್ಷಗಾನದ ಕಿರೀಟವೂ ನ್ಯೂಯಾರ್ಕಿನ ಬೀದಿಯೂ ಆ ಚೌಕಗಳಿಗೆ ಒಂದೇ.

3. ಸಾಗಿಸುವ ವಿದ್ಯೆ: ತುಣುಕು, ಪಟ್ಟಿ, ಸಮೀಪದ ಉಗ್ರಾಣ

ಅಂತರ್ಜಾಲದಲ್ಲಿ ನೇರಪ್ರಸಾರದ ಮೊದಲ ಪ್ರಯತ್ನಗಳು 1990ರ ದಶಕದ ಆರಂಭದವು. 1995ರಲ್ಲಿ ರಿಯಲ್‌ಆಡಿಯೊ ಧ್ವನಿಯನ್ನೂ, 1997ರಲ್ಲಿ ರಿಯಲ್‌ವಿಡಿಯೊ ಚಿತ್ರವನ್ನೂ ಹರಿಯಿಸತೊಡಗಿದವು. ಇವುಗಳಿಗೆ ವಿಶೇಷ ಸರ್ವರುಗಳು ಬೇಕಾಗಿದ್ದವು. ಜಾಲ ಸೊರಗಿದರೆ ಚಿತ್ರ ನಿಂತುಬಿಡುತ್ತಿತ್ತು. ಎರಡು ಕಲ್ಪನೆಗಳು ಈ ತೊಡಕನ್ನು ಬಿಡಿಸಿದವು.

ಮೊದಲನೆಯದು ಸಮೀಪದ ಉಗ್ರಾಣ. ಎಲ್ಲರೂ ಒಂದೇ ದೂರದ ಯಂತ್ರವನ್ನು ಕೇಳುವ ಬದಲು, ಪ್ರತಿಗಳನ್ನು ನೋಡುಗರ ಹತ್ತಿರದ ಅನೇಕ ಯಂತ್ರಗಳಲ್ಲಿ ಇಡುವುದು. ಎಂಐಟಿಯ ಟಾಮ್ ಲೈಟನ್ ಮತ್ತು ಡೇನಿಯಲ್ ಲೆವಿನ್ 1998ರಲ್ಲಿ ಸ್ಥಾಪಿಸಿದ ಅಕಾಮೈ ಈ ಕೆಲಸವನ್ನೇ ಉದ್ಯಮವಾಗಿಸಿತು. 2007ರಲ್ಲಿ ಸ್ಟ್ರೀಮಿಂಗಿಗೆ ಇಳಿದ ನೆಟ್‌ಫ್ಲಿಕ್ಸ್ 2012ರ ವೇಳೆಗೆ ತನ್ನದೇ ಪೆಟ್ಟಿಗೆಗಳನ್ನು ಅಂತರ್ಜಾಲ ಸೇವಾಸಂಸ್ಥೆಗಳ ಕಟ್ಟಡಗಳೊಳಗೇ ಇರಿಸತೊಡಗಿತು; ನಾಳೆ ಯಾವುದಕ್ಕೆ ಬೇಡಿಕೆ ಬಂದೀತೆಂದು ಊಹಿಸಿ, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಅವುಗಳನ್ನು ತುಂಬಿಸುವುದು ಅದರ ಕ್ರಮ.

ಎರಡನೆಯದು ತುಣುಕುಗಳ ಕ್ರಮ. 2009ರಲ್ಲಿ ಆಪಲ್ ಪ್ರಕಟಿಸಿದ ಎಚ್‌ಎಲ್‌ಎಸ್, 2012ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಡ್ಯಾಶ್, ಎರಡರ ತತ್ತ್ವವೂ ಒಂದೇ. ಮೂಲಚಿತ್ರವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಪ್ರತಿಯೊಂದನ್ನೂ ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಯಾವ ತುಣುಕು ಎಲ್ಲಿದೆ ಎಂಬ ಒಂದು ಪಟ್ಟಿಯನ್ನು ಬರೆದಿಡುತ್ತಾರೆ. ನೋಡುಗನ ಸಾಧನ ಮೊದಲು ಪಟ್ಟಿಯನ್ನು ಓದುತ್ತದೆ; ಆಮೇಲೆ ಜಾಲದ ಶಕ್ತಿಗೆ ತಕ್ಕಂತೆ ಒಂದೊಂದೇ ತುಣುಕನ್ನು ತರಿಸಿಕೊಳ್ಳುತ್ತದೆ. ತುಣುಕುಗಳು ಸಾಮಾನ್ಯ ಕಡತಗಳೇ ಆದ್ದರಿಂದ ಅವುಗಳನ್ನು ಯಾವ ಉಗ್ರಾಣದಲ್ಲಾದರೂ ಇಡಬಹುದು.

ಗಡಿನಾಡಿನ ಮಟ್ಟಿಗೆ ಇದೊಂದು ನಿಜವಾದ ಬಿಡುಗಡೆ. 2016ರ ನಂತರ ಮೊಬೈಲ್ ದತ್ತಾಂಶ ಅಗ್ಗವಾದಾಗ, ಜತ್ತದ ಹಳ್ಳಿಯ ಮನೆಗೂ ಹೊಸೂರಿನ ಕಾರ್ಖಾನೆಯ ಕೆಲಸಗಾರನಿಗೂ ಕನ್ನಡದ ಚಿತ್ರ ಗೋಪುರವನ್ನಾಗಲಿ ಕೇಬಲ್ಲಿನವನನ್ನಾಗಲಿ ಕೇಳದೆ ಬರತೊಡಗಿತು. 2023ರ ಐಪಿಎಲ್ ಕ್ರಿಕೆಟ್ಟನ್ನು ಜಿಯೊಸಿನಿಮಾ ಕನ್ನಡವೂ ಸೇರಿ 12 ಭಾಷೆಗಳಲ್ಲಿ ಹರಿಯಿಸಿತು. ಸೈಟ್‌ನ ಎರಡು ಧ್ವನಿವಾಹಿನಿಗಳು ಹನ್ನೆರಡಾದವು, ಆರಿಸುವ ಗುಂಡಿಯೂ ನೋಡುಗನ ಬೆರಳಿಗೆ ಬಂತು.

ಆದರೂ ಈ ಹಂತ ಮೊದಲಿನದರಂತೆ ಪೂರ್ತಿ ನಿರ್ಲಿಪ್ತವಲ್ಲ. ಉಗ್ರಾಣದ ಜಾಗ ಮಿತವಾದದ್ದು. ಅದರಲ್ಲಿ ನೆಲೆಗೊಳ್ಳುವುದು ಹೆಚ್ಚು ಜನ ಕೇಳುವ ಚಿತ್ರ. ಹತ್ತು ಜನ ನೋಡುವ ಬಡಗರ ಹಬ್ಬದ ದಾಖಲೆ ಪ್ರತಿ ಸಲವೂ ದೂರದ ಮೂಲದಿಂದಲೇ ಬರಬೇಕು. ಹೆಚ್ಚು ದಕ್ಷವಾದ ಹೊಸ ಕೋಡೆಕ್‌ಗಳಿಗೆ ಹೆಚ್ಚು ಗಣನೆ ಬೇಕಾಗುವುದರಿಂದ, ಆ ವೆಚ್ಚವೂ ಹೆಚ್ಚು ನೋಡುಗರಿರುವ ಚಿತ್ರಕ್ಕೇ ಸಾರ್ಥಕವೆನಿಸುತ್ತದೆ. ಇದು ಯಾರ ದ್ವೇಷವೂ ಅಲ್ಲ, ಲೆಕ್ಕದ ಫಲ. ಅಲ್ಪಸಂಖ್ಯಾತ ಭಾಷೆಗೆ ಪರಿಣಾಮ ಮಾತ್ರ ಒಂದೇ.

4. ಹೆಸರಿಡುವ ವಿದ್ಯೆ

ವೇದಿಕೆಯ ಆಡಳಿತದಲ್ಲಿ ಅತ್ಯಂತ ಕಡಿಮೆ ಚರ್ಚೆಯಾದ, ನಮಗೆ ಅತ್ಯಂತ ಮುಖ್ಯವಾದ ಭಾಗವೆಂದರೆ ವಿವರಪಟ್ಟಿ, ಅಂದರೆ ಮೆಟಾಡೇಟಾ. ಲಕ್ಷಾಂತರ ಚಿತ್ರಗಳ ನಡುವೆ ಒಂದು ಚಿತ್ರ ಇದೆ ಎಂಬುದಕ್ಕೂ ಅದು ಸಿಗುತ್ತದೆ ಎಂಬುದಕ್ಕೂ ಇರುವ ಅಂತರವನ್ನು ತುಂಬುವುದು ಇದೇ.

ಎಚ್‌ಎಲ್‌ಎಸ್‌ನ ಪಟ್ಟಿಯಲ್ಲಿಯೂ ಡ್ಯಾಶ್‌ನ ಪಟ್ಟಿಯಲ್ಲಿಯೂ ಪ್ರತಿಯೊಂದು ಧ್ವನಿಗೂ ಉಪಶೀರ್ಷಿಕೆಗೂ ಭಾಷೆಯ ಗುರುತನ್ನು ಬರೆಯಲು ಒಂದು ಸ್ಥಾನವಿದೆ. ಅಲ್ಲಿ ಬರೆಯುವುದು ಅಂತಾರಾಷ್ಟ್ರೀಯ ಮಾನಕಗಳ ಸಂಕೇತಾಕ್ಷರಗಳನ್ನು. ಕನ್ನಡಕ್ಕೆ ‘ಕೆ-ಎನ್’. ಬೇಕಿದ್ದರೆ ದೇಶದ ಗುರುತಾಗಿ ‘ಐ-ಎನ್’ ಸೇರಿಸಬಹುದು. ಪ್ರದೇಶದ ಗುರುತು ದೇಶದ ಮಟ್ಟದಲ್ಲಿ ನಿಂತುಬಿಡುತ್ತದೆ, ರಾಜ್ಯಕ್ಕೆ ಇಳಿಯುವುದಿಲ್ಲ. ಆದ್ದರಿಂದ ಈ ಬರಹದ ಪ್ರಕಾರ ಸೊಲ್ಲಾಪುರದ ಕನ್ನಡವೂ ಕಾಸರಗೋಡಿನ ಕನ್ನಡವೂ ಬೆಂಗಳೂರಿನ ಸಿನಿಮಾದ ಕನ್ನಡವೂ ಒಂದೇ. ಒಂದು ರೀತಿಯಲ್ಲಿ ಇದು ನಮಗೆ ಒಪ್ಪಿಗೆಯಾಗಬೇಕಾದ ಮಾತು: ಗಡಿಯ ಎರಡೂ ಕಡೆಯ ಕನ್ನಡ ಒಂದೇ ಎಂದು ನಾವೇ ವಾದಿಸುತ್ತ ಬಂದಿದ್ದೇವೆ. ಇನ್ನೊಂದು ರೀತಿಯಲ್ಲಿ, ಸಂಶೋಧಕನು ಹುಡುಕುವ ವೈವಿಧ್ಯವೆಲ್ಲ ಆ ಎರಡಕ್ಷರಗಳೊಳಗೆ ಮುಚ್ಚಿಹೋಗುತ್ತದೆ. ಹವ್ಯಕ ಕನ್ನಡಕ್ಕೆ ಅದರದೇ ಸಂಕೇತವಿಲ್ಲ.

ನೀಲಗಿರಿಯ ಬಡಗದ ಉದಾಹರಣೆ ಇನ್ನೂ ಬೋಧಪ್ರದ. ಭಾರತದ ಜನಗಣತಿ ಬಡಗವನ್ನು ಕನ್ನಡದ ಅಡಿಯಲ್ಲಿ ಬರುವ ಮಾತೃಭಾಷೆಯಾಗಿ ಎಣಿಸುತ್ತದೆ. 2007ರಲ್ಲಿ ಪ್ರಕಟವಾದ ಐಎಸ್‌ಒ 639-3 ಮಾನಕವು ಅದಕ್ಕೆ ‘ಬಿ-ಎಫ್-ಕ್ಯೂ’ ಎಂಬ ಪ್ರತ್ಯೇಕ ಸಂಕೇತವನ್ನು ಕೊಡುತ್ತದೆ. ತುಳುವಿಗೆ ‘ಟಿ-ಸಿ-ವೈ’, ಕೊಡವಕ್ಕೆ ‘ಕೆ-ಎಫ್-ಎ’ ಕೊಟ್ಟಂತೆ. ಹೀಗಿರುವಾಗ ಬಡಗದ ಹಾಡಿನ ದೃಶ್ಯವನ್ನು ಏರಿಸುವವನು ಯಾವ ಗುರುತು ಹಾಕಬೇಕು? ‘ಕೆ-ಎನ್’ ಎಂದರೆ ಕನ್ನಡದ ನೋಡುಗರಿಗೆ ಸಿಕ್ಕೀತು, ಬಡಗವೆಂಬ ಹೆಸರು ಅಳಿದೀತು. ‘ಬಿ-ಎಫ್-ಕ್ಯೂ’ ಎಂದರೆ ಹೆಸರು ಉಳಿದೀತು. ಆದರೆ ಆರಿಸಬಹುದಾದ ಭಾಷೆಗಳ ಪಟ್ಟಿಯಲ್ಲಿ ಆ ಹೆಸರೇ ಇಲ್ಲದ ವೇದಿಕೆಯಲ್ಲಿ ಅದನ್ನು ಬರೆಯಲು ಸ್ಥಳವೇ ಇರದು. ಭಾಷಾಶಾಸ್ತ್ರಜ್ಞರು ದಶಕಗಳಿಂದ ನಡೆಸುತ್ತಿರುವ ಭಾಷೆ-ಉಪಭಾಷೆಗಳ ಚರ್ಚೆಯನ್ನು ಹೀಗೆ ಒಂದು ಅರ್ಜಿಯ ಖಾಲಿ ಜಾಗ ಸದ್ದಿಲ್ಲದೆ ತೀರ್ಮಾನಿಸುತ್ತದೆ.

ಲಿಪಿಯ ಸಮಸ್ಯೆಯೂ ಇದರೊಡನೆ ಸೇರಿದೆ. ಕನ್ನಡ ಲಿಪಿಗೆ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಸ್ಥಾನ ದೊರೆತಿತ್ತು. ಆದರೂ ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಬಹುಕಾಲ ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳ ಸಂಕೇತದಲ್ಲಿಯೇ ಬರೆಯುತ್ತಿದ್ದವು. ಆ ಸಂಕೇತದಲ್ಲಿ ಉಳಿದ ವಿವರಗಳನ್ನು ಹುಡುಕುವ ಯಂತ್ರ ಕನ್ನಡವೆಂದು ಗುರುತಿಸಲಾರದು. ತುಳು-ತಿಗಳಾರಿ ಲಿಪಿ ಯುನಿಕೋಡ್ ಸೇರಿದ್ದು 2024ರಲ್ಲಿ.

5. ದೃಶ್ಯದಾಖಲೆಯನ್ನು ಆಕರವಾಗಿ ಓದುವ ಬಗೆ

ವೇದಿಕೆಯ ನಿಯಮಗಳು ಆಕರದ ಸ್ವರೂಪವನ್ನೇ ತಿದ್ದುತ್ತವೆ ಎಂಬುದನ್ನು ಇತಿಹಾಸಕಾರರು ಮರೆಯಬಾರದು. 2005ರಲ್ಲಿ ಆರಂಭವಾದ ಯೂಟ್ಯೂಬ್ 2006ರ ಮಾರ್ಚಿನಿಂದ ಸಾಮಾನ್ಯ ಬಳಕೆದಾರರ ಚಿತ್ರಕ್ಕೆ 10 ನಿಮಿಷಗಳ ಮಿತಿ ಹಾಕಿತು. 2010ರ ಜುಲೈಯಲ್ಲಿ ಅದು 15 ನಿಮಿಷವಾಯಿತು. ಆ ವರ್ಷದ ಕೊನೆಗೆ ಅರ್ಹರಾದವರಿಗೆ ಮಿತಿ ತೆರವಾಯಿತು. ಇಡೀ ರಾತ್ರಿ ನಡೆಯುವ ಯಕ್ಷಗಾನವೊಂದು ಈ ಮಿತಿಯೊಳಗೆ ಬರಬೇಕಾದರೆ ನಲವತ್ತು ಐವತ್ತು ತುಂಡುಗಳಾಗಬೇಕು, ಇಲ್ಲವೆ ಒಂದು ಪ್ರವೇಶ, ಒಂದು ಪದ್ಯ, ಒಂದು ಕುಣಿತ ಮಾತ್ರ ಉಳಿಯಬೇಕು. ಆ ವರ್ಷಗಳ ಬಿಡಿ ತುಣುಕುಗಳನ್ನು ನೋಡಿ, ಆ ಕಾಲದ ರಸಿಕರಿಗೆ ಕುಣಿತವೇ ಮುಖ್ಯವಾಗಿತ್ತು, ಅರ್ಥಗಾರಿಕೆ ಹಿಂದೆ ಸರಿದಿತ್ತು ಎಂದು ನಾಳೆಯ ಸಂಶೋಧಕನೊಬ್ಬ ತೀರ್ಮಾನಿಸಿದರೆ, ಅವನು ರಂಗದ ಚರಿತ್ರೆಯನ್ನಲ್ಲ, ಮಿತಿಯ ಚರಿತ್ರೆಯನ್ನು ಬರೆದಂತಾಗುತ್ತದೆ. ಏರಿಸಿದ ದಿನಾಂಕವನ್ನೇ ಚಿತ್ರೀಕರಿಸಿದ ದಿನಾಂಕವೆಂದು ಹಿಡಿಯುವುದೂ ಇಂತಹದೇ ತಪ್ಪು.

ವೇದಿಕೆ ಪತ್ರಾಗಾರವಲ್ಲ ಎಂಬುದಕ್ಕೂ ನಿದರ್ಶನಗಳಿವೆ. ಗೂಗಲ್ ವಿಡಿಯೊ ಸೇವೆಯು 2009ರಲ್ಲಿ ಹೊಸ ಚಿತ್ರಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. 2011ರ ಏಪ್ರಿಲ್‌ನಲ್ಲಿ, ಇದ್ದವುಗಳನ್ನೂ ತಿಂಗಳ ಕೊನೆಗೆ ಮುಚ್ಚುವುದಾಗಿ ಪ್ರಕಟಿಸಿ, ವಿರೋಧ ಬಂದ ಮೇಲೆ ಯೂಟ್ಯೂಬಿಗೆ ಸಾಗಿಸುವುದಾಗಿ ಹೇಳಿತು. 2012ರಲ್ಲಿ ಸೇವೆ ಕೊನೆಗೊಂಡಿತು. ನಮಗೆ ಇನ್ನೂ ಹತ್ತಿರದ ನಷ್ಟ 2020ರ ಸೆಪ್ಟೆಂಬರ್ 28ರದು. ಇತರರ ಚಿತ್ರಗಳಿಗೆ ನೋಡುಗರೇ ಉಪಶೀರ್ಷಿಕೆ ಬರೆದುಕೊಡುವ ಸೌಲಭ್ಯವನ್ನು ಯೂಟ್ಯೂಬ್ ಅಂದು ನಿಲ್ಲಿಸಿತು. ಬಳಕೆ ಕಡಿಮೆ, ದುರುಪಯೋಗ ಹೆಚ್ಚು ಎಂಬುದು ಕೊಟ್ಟ ಕಾರಣ. ದೊಡ್ಡ ಭಾಷೆಗಳಿಗೆ ಯಂತ್ರದ ಉಪಶೀರ್ಷಿಕೆ ಇದೆ. ಅಂಥ ಯಂತ್ರಗಳನ್ನು ತರಬೇತುಗೊಳಿಸುವಷ್ಟು ಪಠ್ಯವಿಲ್ಲದ ನುಡಿಗಳಿಗೆ ನೆರೆಹೊರೆಯ ಕೈಬರಹವೇ ಗತಿಯಾಗಿತ್ತು.

6. ನಮ್ಮ ಕೈಯಲ್ಲಿರುವುದು

ಕುಗ್ಗಿಸುವ ಮತ್ತು ಸಾಗಿಸುವ ಹಂತಗಳ ಮೇಲೆ ಗಡಿನಾಡಿನ ಸಂಸ್ಥೆಗಳಿಗೆ ಹಿಡಿತವಿಲ್ಲ. ಹೆಸರಿಡುವ ಹಂತ ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ, ಮತ್ತು ಅದನ್ನೇ ನಾವು ಕಡೆಗಣಿಸಿದ್ದೇವೆ. ಅಧ್ಯಯನ ಕೇಂದ್ರಗಳೂ ಕಾಲೇಜುಗಳೂ ಸಂಘಗಳೂ ತಮ್ಮ ಕಾರ್ಯಕ್ರಮಗಳನ್ನು ಏರಿಸುವಾಗ ‘ಉದ್ಘಾಟನಾ ಸಮಾರಂಭ, ಭಾಗ 1’ ಎಂಬಂತಹ ಶೀರ್ಷಿಕೆ ಕೊಟ್ಟು ಕೈತೊಳೆದುಕೊಳ್ಳುವುದು ವಾಡಿಕೆ. ಊರು, ತಾಲೂಕು, ಭಾಷಾಪ್ರಭೇದ, ಚಿತ್ರೀಕರಣದ ದಿನ, ಮಾತನಾಡಿದವರ ಒಪ್ಪಿಗೆ, ಪ್ರಸಂಗದ ಹೆಸರು ಇವುಗಳನ್ನು ಯುನಿಕೋಡ್ ಕನ್ನಡದಲ್ಲಿಯೂ ಆ ರಾಜ್ಯದ ಭಾಷೆಯಲ್ಲಿಯೂ ಬರೆಯುವುದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು. ಮಲಯಾಳಂ, ಮರಾಠಿ, ತಮಿಳು, ತೆಲುಗು ಉಪಶೀರ್ಷಿಕೆಗಳಿದ್ದರೆ ಆ ದಾಖಲೆಯು ನೆರೆಯವರಿಗೂ ಓದಲು ಬರುತ್ತದೆ. ಭಾಷಾಸಂಕೇತದ ಮಾನಕವು ‘ಎಕ್ಸ್’ ಅಕ್ಷರದ ನಂತರ ಖಾಸಗಿ ಗುರುತುಗಳನ್ನು ಸೇರಿಸಲು ಅವಕಾಶ ಕೊಟ್ಟಿದೆ. ನಮ್ಮ ಕೇಂದ್ರಗಳು ಒಂದುಗೂಡಿ ಹವ್ಯಕ, ಸೊಲ್ಲಾಪುರ, ಆದವಾನಿಗಳ ಕನ್ನಡಕ್ಕೆ ಒಪ್ಪಿತ ಗುರುತುಗಳ ಪಟ್ಟಿಯೊಂದನ್ನು ಮಾಡಿಕೊಂಡರೆ ಕನಿಷ್ಠ ನಮ್ಮ ಸಂಗ್ರಹಗಳೊಳಗೆ ಪ್ರಭೇದಗಳು ಸಿಗುವಂತಾಗುತ್ತವೆ. ಎಲ್ಲಕ್ಕಿಂತ ಮೊದಲು ಮೂಲಪ್ರತಿಯನ್ನು, ವೇದಿಕೆ ಮತ್ತೆ ಕುಗ್ಗಿಸಿದ ಪ್ರತಿಯನ್ನಲ್ಲ, ಎರಡು ಬೇರೆ ಊರುಗಳಲ್ಲಿ ಕಾಪಾಡಬೇಕು.

ಸೈಟ್ ಕಾಲದ ಹಳ್ಳಿಯಲ್ಲಿ ಯಾವ ಧ್ವನಿ ಕೇಳಬೇಕೆಂಬುದನ್ನು ಬೇರೆಯವರು ನಿರ್ಧರಿಸಿದ್ದರು; ಎರಡನೆಯ ಧ್ವನಿ ಅದೇ ಅಲೆಯಲ್ಲಿ ಬಂದು ಕೇಳಿಸದೆ ಹೋಗುವ ಸಾಧ್ಯತೆಯಿತ್ತು. ಇಂದಿನ ಪಟ್ಟಿಯಲ್ಲಿ ಎರಡನೆಯ ಧ್ವನಿಗೂ ಹತ್ತನೆಯ ಧ್ವನಿಗೂ ಸಾಲು ಇದೆ. ಆ ಸಾಲನ್ನು ಯಾರೂ ತುಂಬದಿದ್ದರೆ ಧ್ವನಿ ಇದ್ದೂ ಕೇಳಿಸುವುದಿಲ್ಲ. ಅದನ್ನು ತುಂಬುವ ಕೆಲಸ ಈಗ ನಮ್ಮ ಪಾಲಿಗೆ ಬಂದಿದೆ.